ಹಳೆ ಕಾರು, ಹೊಸ ಪೆಟ್ರೋಲ್, ಮೂರು ಕೇಜಿ ಒತ್ತಡ

ದಕ್ಷಿಣ ಕನ್ನಡದ ಪೊಳಲಿ ಜಾತ್ರೆ ಬರುವುದು ಮಾರ್ಚ್–ಏಪ್ರಿಲಿನ ಉರಿಬಿಸಿಲಿನಲ್ಲಿ. ಜಾತ್ರೆಯ ಚೆಂಡಾಟದ ದಿನಗಳಲ್ಲಿ ಗುರುಪುರ ಕೈಕಂಬದ ಕಡೆಯಿಂದಲೂ ಬಿ.ಸಿ.ರೋಡಿನ ಕಡೆಯಿಂದಲೂ ಬರುವ ವಾಹನಗಳು ರಾಜರಾಜೇಶ್ವರಿ ದೇವಸ್ಥಾನದ ಹತ್ತಿರ ಬರುವಾಗ ಫಸ್ಟ್ ಗೇರಿನಲ್ಲೇ ತೆವಳಬೇಕಾಗುತ್ತದೆ. ಎಂಜಿನ್ ಕಾದು ಕೆಂಡವಾಗಿರುತ್ತದೆ. ದರ್ಶನ ಮುಗಿಸಿ, ಡಿಕ್ಕಿಗೆ ನಾಲ್ಕು ಬಚ್ಚಂಗಾಯಿ (ಕಲ್ಲಂಗಡಿ) ತುಂಬಿಸಿ ಹೊರಡೋಣವೆಂದರೆ ಇಪ್ಪತ್ತು ವರ್ಷದ ಎಸ್ಟೀಮೋ ಸ್ಯಾಂಟ್ರೋವೋ ಒಂದೇ ಕೀಗೆ ಸ್ಟಾರ್ಟ್ ಆಗುವುದಿಲ್ಲ. ಸೆಲ್ಫ್ ಹೊಡೆದೂ ಹೊಡೆದೂ ಕೊನೆಗೆ ಕೆಮ್ಮುತ್ತಾ ಎದ್ದರೂ ಸ್ವಲ್ಪ ದೂರ ಮಿಸ್ಸಿಂಗ್, ಹಿಂದೆ ಕಪ್ಪು ಹೊಗೆ. ಬೆಳಗ್ಗೆ ತಣ್ಣಗಿದ್ದಾಗ ಸರಿಯಾಗಿದ್ದ ಕಾರು ಬಿಸಿಯಾದ ಮೇಲೆ ಹೀಗೆ ಹಟ ಹಿಡಿದರೆ ಮೆಕ್ಯಾನಿಕ್‌ಗಳು ಸಂಶಯದಿಂದ ನೋಡುವ ಭಾಗಗಳಲ್ಲಿ ಒಂದು, ಇಂಜೆಕ್ಟರುಗಳ ಪಕ್ಕದಲ್ಲಿ ಕೂತಿರುವ ಅಂಗೈಗಿಂತ ಸಣ್ಣ ಲೋಹದ ಡಬ್ಬಿ. ಅದರ ಹೆಸರು ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್.

ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯ ರಸ್ತೆಗಳಲ್ಲಿ ಕೆಎ 19, ಕೆಎ 21 ನಂಬರಿನ ಇಂಥ ಕಾರುಗಳು ಇನ್ನೂ ಓಡುತ್ತಿವೆ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಹಿರಿಯ ಕಾರುಗಳದ್ದು ಕಾರ್ಬ್ಯುರೇಟರ್ ಕಾಲ. ಇವು ಅದರ ನಂತರದ ತಲೆಮಾರು. 1998ರಲ್ಲಿ ಸ್ಯಾಂಟ್ರೋ ಎಂಪಿಎಫ್‌ಐ ಎಂಬ, ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಎಂಜಿನ್ನಿನೊಂದಿಗೇ ಬಂತು. 1999ರಲ್ಲಿ ಸುಪ್ರೀಂ ಕೋರ್ಟ್ ರಾಜಧಾನಿ ವಲಯದ ಕಾರುಗಳಿಗೆ ಯೂರೋ ಹೊಗೆ ನಿಯಮ ಕಡ್ಡಾಯ ಮಾಡಿತು. ಮರುವರ್ಷ ಮಾರುತಿ 800ಕ್ಕೂ ಇಂಜೆಕ್ಷನ್ ಬಂತು. 2005ರಲ್ಲಿ ಭಾರತ್ ಸ್ಟೇಜ್ 2 ಇಡೀ ದೇಶಕ್ಕೆ ಅನ್ವಯವಾಗುವ ಹೊತ್ತಿಗೆ ಹೊಸ ಪೆಟ್ರೋಲ್ ಕಾರಿನಲ್ಲಿ ಕಾರ್ಬ್ಯುರೇಟರ್ ಇತಿಹಾಸವಾಗಿತ್ತು. ಆ ಕಾಲದ ಕಾರುಗಳಿಗೆ ಈಗ ಇಪ್ಪತ್ತು ದಾಟಿದೆ. ಹದಿನೈದು ವರ್ಷದ ಆರ್‌ಸಿ ಮುಗಿದು ಮತ್ತೆ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಓಡುತ್ತಿರುವ ಇವುಗಳಿಗೆ ಕಂಪನಿಯ ಒರಿಜಿನಲ್ ರೆಗ್ಯುಲೇಟರ್ ಎಲ್ಲ ಕಡೆ ಸಿಗುವುದಿಲ್ಲ.

ಇದರ ಮೇಲೆ ಬಂಕಿನ ಪೆಟ್ರೋಲೂ ಬದಲಾಗಿದೆ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಇ20 ಇಂಧನಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಅಲ್ಲಿಂದಾಚೆಗೆ ಊರೂರ ಬಂಕುಗಳಿಗೂ ಅದು ತಲುಪಿದೆ. ಮೈಲೇಜ್ ಇಳಿಯಿತು, ಪಿಕಪ್ ಇಲ್ಲ ಎಂಬ ದೂರಿನೊಂದಿಗೆ ಗ್ಯಾರೇಜಿಗೆ ಬಂದವರಿಗೆ ಸಿಗುವ ಸಲಹೆಗಳಲ್ಲಿ ಒಂದು: ಅಡ್ಜಸ್ಟೆಬಲ್ ರೆಗ್ಯುಲೇಟರ್ ಹಾಕಿಸಿ, ಪ್ರೆಶರ್ ಸ್ವಲ್ಪ ಏರಿಸಿ, ಎಲ್ಲ ಸರಿಹೋಗುತ್ತದೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಬಹಳಷ್ಟು ಅವಸರವಿದೆ. ಯಾವುದು ಎಷ್ಟು ಎಂದು ತಿಳಿಯಬೇಕಾದರೆ ಆ ಡಬ್ಬಿಯ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಫಿಲ್ಟರ್ ಮೂಲಕ ಎಂಜಿನ್ನಿನ ಮೇಲಿನ ಫ್ಯುಯೆಲ್ ರೈಲಿಗೆ ದೂಡುತ್ತದೆ. ಇಂಜೆಕ್ಟರುಗಳು ಕೂತಿರುವುದು ಆ ರೈಲಿನಲ್ಲಿ. ರೈಲಿನ ತುದಿಯಲ್ಲಿ ರೆಗ್ಯುಲೇಟರ್. ಅದರೊಳಗೆ ಒಂದು ರಬ್ಬರ್ ಪೊರೆ, ಪೊರೆಯ ಒಂದು ಬದಿಗೆ ಪೆಟ್ರೋಲ್, ಇನ್ನೊಂದು ಬದಿಗೆ ಸ್ಪ್ರಿಂಗ್. ಪೆಟ್ರೋಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಪೊರೆ ಸರಿದು ವಾಲ್ವ್ ತೆರೆಯುತ್ತದೆ, ಹೆಚ್ಚಾದ ಪೆಟ್ರೋಲ್ ರಿಟರ್ನ್ ಪೈಪಿನಲ್ಲಿ ಮತ್ತೆ ಟ್ಯಾಂಕಿಗೆ ಹೋಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಈ ಒತ್ತಡ ಸುಮಾರು 3 ಬಾರ್. ಗ್ಯಾರೇಜಿನ ಮಾತಿನಲ್ಲಿ ಮೂರು ಕೇಜಿ, ಪಿಎಸ್‌ಐ ಲೆಕ್ಕದಲ್ಲಿ 43 ಚಿಲ್ಲರೆ. ಅಡ್ಜಸ್ಟೆಬಲ್ ಎಂದರೆ ಇಷ್ಟೇ: ಆ ಸ್ಪ್ರಿಂಗಿನ ಮೇಲೆ ಒಂದು ಸ್ಕ್ರೂ ಇರುತ್ತದೆ, ಅಲೆನ್ ಕೀ ಹಾಕಿ ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಒತ್ತಡ ಏರುತ್ತದೆ.

ಡಬ್ಬಿಯ ತಲೆಯಿಂದ ಸಣ್ಣ ಹೋಸ್ ಒಂದು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಮ್ಯಾನಿಫೋಲ್ಡಿನಲ್ಲಿ ನಿರ್ವಾತದ ಎಳೆತ ಜೋರು. ಆ ಎಳೆತವೇ ಇಂಜೆಕ್ಟರಿನ ಬಾಯಿಯಿಂದ ಪೆಟ್ರೋಲನ್ನು ಹೆಚ್ಚಾಗಿ ಸೆಳೆದುಬಿಡಬಾರದೆಂದು, ಅಷ್ಟೇ ಪ್ರಮಾಣದಲ್ಲಿ ರೆಗ್ಯುಲೇಟರ್ ರೈಲಿನ ಒತ್ತಡವನ್ನು ಇಳಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಳೆತ ಇಲ್ಲವಾಗಿ ಒತ್ತಡ ಮತ್ತೆ ಮೂರಕ್ಕೆ ಏರುತ್ತದೆ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಗಾಳಿಯ ಒತ್ತಡ ತಗ್ಗುತ್ತಾ ಹೋದರೂ ಇದೇ ಏರ್ಪಾಟು ಇಂಜೆಕ್ಟರಿನ ಒಳಗಿನ ಮತ್ತು ಹೊರಗಿನ ಒತ್ತಡದ ಅಂತರವನ್ನು ಬದಲಾಗದಂತೆ ಕಾಯುತ್ತದೆ.

ಈ ಅಂತರ ಬದಲಾಗಬಾರದೇಕೆ? ಆ ಕಾಲದ ಕಾರುಗಳ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲಿನ ಒತ್ತಡವನ್ನು ಅಳೆಯುವುದಿಲ್ಲ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕು ಎಂದಷ್ಟೇ ಅದು ಲೆಕ್ಕ ಹಾಕುತ್ತದೆ. ಅಷ್ಟು ಹೊತ್ತು ತೆರೆದರೆ ಇಷ್ಟು ಪೆಟ್ರೋಲ್ ಬರುತ್ತದೆ ಎಂಬ ಕೋಷ್ಟಕ, ಒತ್ತಡ ಇಂತಿಷ್ಟೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಕಾರ್ಖಾನೆಯಲ್ಲಿ ಬರೆದದ್ದು. ಕಂಪ್ಯೂಟರಿನ ಇಡೀ ಲೆಕ್ಕ ನಿಂತಿರುವ ನೆಲಗಟ್ಟು ಆ ಮೂರು ಕೇಜಿ. ಹಾಗಾಗಿ ರೆಗ್ಯುಲೇಟರನ್ನು ಶಕ್ತಿ ಹೆಚ್ಚಿಸುವ ಉಪಕರಣವೆಂದು ಕೊಳ್ಳುವುದು ಬುಡದಲ್ಲೇ ತಪ್ಪು. ಒತ್ತಡವನ್ನು ಇರಬೇಕಾದಲ್ಲಿ ಅಲುಗದಂತೆ ನಿಲ್ಲಿಸುವುದು ಅದರ ಕೆಲಸ.

ಏರಿಸಿದರೂ ಸಿಗುವುದು ಎಷ್ಟು? ಇಂಜೆಕ್ಟರಿನಿಂದ ಬರುವ ಪೆಟ್ರೋಲ್ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಮೂರು ಬಾರನ್ನು ಮೂರೂವರೆಗೆ ಏರಿಸಿದರೆ ಇಂಧನ ಹೆಚ್ಚುವುದು ನೂರಕ್ಕೆ ಎಂಟರಷ್ಟು, ನಾಲ್ಕಕ್ಕೆ ಏರಿಸಿದರೆ ಹದಿನೈದೂವರೆಯಷ್ಟು. ಒತ್ತಡವನ್ನೇ ಇಮ್ಮಡಿ ಮಾಡಿದರೂ ಪೆಟ್ರೋಲ್ ನಲವತ್ತೊಂದರಷ್ಟು ಮಾತ್ರ ಹೆಚ್ಚುತ್ತದೆ. ಅತ್ತ ಪಂಪಿನ ಕಷ್ಟ ಬೇರೆ: ಒತ್ತಡ ಏರಿದಂತೆ ಅದು ಎಳೆಯುವ ಕರೆಂಟ್ ಹೆಚ್ಚುತ್ತದೆ, ದೂಡುವ ಪೆಟ್ರೋಲ್ ಕಡಿಮೆಯಾಗುತ್ತದೆ. ಇಪ್ಪತ್ತು ವರ್ಷ ದುಡಿದ ಪಂಪಿಗೆ ಈ ಹೊರೆ ಸಣ್ಣದಲ್ಲ.

ಇ20ಯ ಲೆಕ್ಕವನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ಎಥನಾಲ್ ಬೆರೆಯದ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟು–ಒಂಬತ್ತರಷ್ಟು ಹೆಚ್ಚು ಇಂಧನ ಕೊಡಬೇಕು. ಮೂರರಿಂದ ಮೂರೂವರೆ ಬಾರ್‌ಗೆ ಏರಿಸಿದರೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಸಲಹೆಯಲ್ಲಿದ್ದ ಸತ್ಯಾಂಶ ಇದು. ಆದರೆ ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಸೆನ್ಸರ್ ಇರುವ ಕಾರಿನಲ್ಲಿ ಈ ಕೊರತೆಯನ್ನು ಇಸಿಯು ತಾನಾಗಿಯೇ ಕಂಡುಕೊಂಡು ಇಂಜೆಕ್ಟರನ್ನು ತುಸು ಹೆಚ್ಚು ಹೊತ್ತು ತೆರೆಯುತ್ತದೆ. ಅಂಥ ಕಾರಿನಲ್ಲಿ ಒತ್ತಡ ಏರಿಸಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗುತ್ತದೆ. ರೆಗ್ಯುಲೇಟರ್ ಕೂಡಿಸಿದ್ದನ್ನು ಸೆನ್ಸರ್ ಕಳೆಯುತ್ತದೆ. ಸೆನ್ಸರಿನ ಮಾತು ನಡೆಯದ ಕಡೆ, ಅಂದರೆ ತಣ್ಣಗಿರುವಾಗ ಸ್ಟಾರ್ಟ್ ಮಾಡುವಾಗ ಮತ್ತು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಆ ಹೆಚ್ಚುವರಿ ಪೆಟ್ರೋಲ್ ಉಳಿಯುತ್ತದೆ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿಯೇ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಹಾಗಾಗಿ ಇಳಿದ ಮೈಲೇಜನ್ನು ಯಾವ ರೆಗ್ಯುಲೇಟರೂ ಮರಳಿ ಕೊಡದು.

ಆದ್ದರಿಂದ ಕೊಳ್ಳುವ ಮೊದಲು ಅಳೆಯಬೇಕು. ಇದಕ್ಕೆ ಬೇಕಾದದ್ದು ಒಂದು ಪ್ರೆಶರ್ ಗೇಜ್, ಸರಿಯಾದ ಜೋಡಣೆ, ಅರ್ಧ ಗಂಟೆ ಸಮಯ. ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನೊಳಗಿನ ಒತ್ತಡ ಇಳಿಸಬೇಕು, ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಆಮೇಲೆ ಫಿಲ್ಟರಿಗೂ ರೈಲಿಗೂ ನಡುವೆ ಗೇಜ್ ಸೇರಿಸಿ, ಬ್ಯಾಟರಿ, ಫ್ಯೂಸ್ ಮರಳಿ ಹಾಕಬೇಕು. ಸುಝುಕಿಯ ಆ ಕಾಲದ ಪೆಟ್ರೋಲ್ ಎಂಜಿನ್ನುಗಳ ಸರ್ವಿಸ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳು ಹೀಗಿವೆ: ಎಂಜಿನ್ ನಿಲ್ಲಿಸಿ ಪಂಪ್ ಮಾತ್ರ ಓಡಿಸಿದರೆ 2.7ರಿಂದ 3.1 ಕೇಜಿ, ಐಡಲಿಂಗ್‌ನಲ್ಲಿ 2.1ರಿಂದ 2.6 ಕೇಜಿ, ಬಂದ್ ಮಾಡಿ ಒಂದು ನಿಮಿಷದ ಮೇಲೂ 2 ಕೇಜಿಗಿಂತ ಕಡಿಮೆಯಾಗಬಾರದು. ಬೇರೆ ಕಂಪನಿಯ ಕಾರಿಗೆ ಅದರದೇ ಪುಸ್ತಕದ ಅಂಕಿ ನೋಡಬೇಕು.

ಈಗ ಗೇಜಿನ ಮುಳ್ಳನ್ನು ನೋಡುತ್ತಾ ಐಡಲಿಂಗ್‌ನಲ್ಲಿ ರೆಗ್ಯುಲೇಟರಿನ ಸಣ್ಣ ಹೋಸ್ ಎಳೆದು ಬೆರಳಿನಿಂದ ಅದರ ಬಾಯಿ ಮುಚ್ಚಬೇಕು. ಮುಳ್ಳು 2.4ರ ಆಸುಪಾಸಿನಿಂದ ಥಟ್ಟನೆ ಮೂರಕ್ಕೆ ಜಿಗಿದರೆ ರೆಗ್ಯುಲೇಟರ್ ಜೀವಂತವಾಗಿದೆ. ಕದಲದಿದ್ದರೆ ಒಂದೋ ಹೋಸ್ ಕಟ್ಟಿಕೊಂಡಿದೆ, ಇಲ್ಲವೇ ವಾಲ್ವ್ ಅಂಟಿದೆ. ಎಳೆದ ಹೋಸಿನ ಒಳಗೆ ಪೆಟ್ರೋಲಿನ ಪಸೆ ಕಂಡರೆ ಪೊರೆ ಹರಿದಿದೆ ಎಂದೇ ಅರ್ಥ. ಆ ಪೆಟ್ರೋಲ್ ಇಂಜೆಕ್ಟರನ್ನು ದಾಟಿ ನೇರ ಮ್ಯಾನಿಫೋಲ್ಡಿಗೆ ಹೋಗುತ್ತಿತ್ತು. ಕಪ್ಪು ಹೊಗೆಯ, ಬಿಸಿಯಲ್ಲಿ ಸ್ಟಾರ್ಟ್ ಆಗದ ಹಟದ ಮೂಲ ಅಲ್ಲಿರುತ್ತದೆ. ಒತ್ತಡ ಕಡಿಮೆ ಇದ್ದರೆ ರಿಟರ್ನಿನ ರಬ್ಬರ್ ಹೋಸನ್ನು ಒಂದೆರಡು ಕ್ಷಣ ಮಾತ್ರ ಅದುಮಿ ಹಿಡಿಯಬೇಕು. ಆಗ ಮುಳ್ಳು ಸರ್ರನೆ ಏರಿದರೆ ದೋಷ ರೆಗ್ಯುಲೇಟರಿನದು. ಏರದೇ ಇದ್ದರೆ ಫಿಲ್ಟರ್ ಚೋಕ್ ಆಗಿದೆ, ಪಂಪ್ ಸೋತಿದೆ, ಇಲ್ಲವೇ ಪಂಪಿಗೆ ಸರಿಯಾದ ವೋಲ್ಟೇಜ್ ಬರುತ್ತಿಲ್ಲ. ಎಷ್ಟೋ ಕಾರುಗಳ ಕಥೆ ಇಲ್ಲಿಗೆ ಒಂದು ಹೊಸ ಫಿಲ್ಟರಿನಲ್ಲೇ ಮುಗಿಯುತ್ತದೆ. ಒತ್ತಡ ಸರಿಯಿದ್ದೂ ಮಿಸ್ಸಿಂಗ್ ಇದ್ದರೆ ಇಂಜೆಕ್ಟರ್ ಶುಚಿಗೊಳಿಸುವುದು, ಪ್ಲಗ್, ಕಾಯಿಲ್ ನೋಡುವುದು ಮುಂದಿನ ದಾರಿ.

ರೆಗ್ಯುಲೇಟರೇ ಹೋಗಿದ್ದರೆ ಮೊದಲ ಆಯ್ಕೆ ಕಂಪನಿಯದೇ ಒತ್ತಡಕ್ಕೆ ಕೂರಿಸಿದ ಮಾಮೂಲಿ ಭಾಗ. ಸ್ಕ್ರೂ ಇಲ್ಲದ್ದನ್ನು ಯಾರೂ ತಪ್ಪಾಗಿ ತಿರುಗಿಸಲಾರರು. ಗುಜರಿಯಿಂದ ತಂದ ಹಳೆಯ ಭಾಗ ಅಗ್ಗವೆನಿಸಿದರೂ ಅದರ ರಬ್ಬರ್ ಪೊರೆಗೂ ಅಷ್ಟೇ ವಯಸ್ಸಾಗಿರುತ್ತದೆ. ಅಡ್ಜಸ್ಟೆಬಲ್ ಬೇಕಾಗುವ ಸಂದರ್ಭಗಳು ಕೆಲವೇ: ಒರಿಜಿನಲ್ ಎಲ್ಲೂ ಸಿಗದಿರುವುದು, ಬೇರೆ ಅಳತೆಯ ಇಂಜೆಕ್ಟರ್ ಹಾಕಿರುವುದು, ಟರ್ಬೋ ಕೂರಿಸಿರುವುದು, ಅಥವಾ ಆಮ್ಲಜನಕ ಸೆನ್ಸರ್ ಇಲ್ಲದ ಕಾರನ್ನು ಹೊಗೆ ಅಳೆದುಕೊಂಡೇ ಇ20ಗೆ ಹೊಂದಿಸುವುದು. ರ್‍ಯಾಲಿ ಕಾರುಗಳ ಮಾತು ಬೇರೆ. ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಚಾರ್ಮಾಡಿಯ ಆಚೆಗಿನ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆದದ್ದನ್ನು ಕಂಡವರಿಗೆ ಆ ಸೆಳೆತ ಗೊತ್ತು. ಎಸ್ಟೀಮ್, ಜಿಪ್ಸಿಗಳು ನಮ್ಮ ರ್‍ಯಾಲಿಗಳಲ್ಲಿ ಹೆಸರು ಮಾಡಿದ ಗಾಡಿಗಳೇ. ಆದರೆ ಅಂಥ ಕಾರಿನಲ್ಲಿ ರೆಗ್ಯುಲೇಟರಿನ ಜೊತೆಗೆ ಇಸಿಯು ಕೋಷ್ಟಕವನ್ನೂ ತಿದ್ದಿರುತ್ತಾರೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಕೊಳ್ಳುವುದೆಂದು ತೀರ್ಮಾನವಾದರೆ ಮೊದಲು ಕಾರು ಯಾವ ಬಗೆಯದೆಂದು ಗುರುತಿಸಬೇಕು. ರೈಲಿನಲ್ಲಿ ರೆಗ್ಯುಲೇಟರೂ ಟ್ಯಾಂಕಿಗೆ ಮರಳುವ ಪೈಪೂ ಕಂಡರೆ ಅದು ರಿಟರ್ನ್ ಇರುವ ವ್ಯವಸ್ಥೆ. ಎರಡು ಸಾವಿರದ ದಶಕದಲ್ಲಿ ಬಂದ ಎಷ್ಟೋ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇದೆ, ಎಂಜಿನ್ನಿಗೆ ಬರುವುದು ಒಂದೇ ಪೈಪು. ಅಲ್ಲಿ ಮ್ಯಾನಿಫೋಲ್ಡಿನ ಎಳೆತವನ್ನು ಇಸಿಯು ತನ್ನ ಲೆಕ್ಕದಲ್ಲೇ ಸರಿದೂಗಿಸಿಕೊಂಡಿರುತ್ತದೆ. ಅಂಥ ಕಾರಿಗೆ ವ್ಯಾಕ್ಯೂಮ್ ಹೋಸಿನ ರೆಗ್ಯುಲೇಟರ್ ಹಾಕಿದರೆ ಇದ್ದ ಲೆಕ್ಕವೂ ಕೆಡುತ್ತದೆ. ಅದನ್ನು ಮುಟ್ಟದಿರುವುದೇ ವಾಸಿ.

ಎರಡನೆಯದು ಒತ್ತಡದ ವ್ಯಾಪ್ತಿ. ಕಾರ್ಬ್ಯುರೇಟರ್ ಕಾರುಗಳಿಗೆಂದು ಮಾರುವ ರೆಗ್ಯುಲೇಟರುಗಳೂ ಅದೇ ಅಂಗಡಿಯ ಅದೇ ಶೆಲ್ಫಿನಲ್ಲಿರುತ್ತವೆ, ನೋಡಲು ಅಣ್ಣತಮ್ಮಂದಿರಂತೆ. ಅವು ಕೆಲಸ ಮಾಡುವುದು ಕಾಲು ಬಾರಿನ ಆಸುಪಾಸಿನಲ್ಲಿ. ಎಂಪಿಎಫ್‌ಐಗೆ ಬೇಕಾದದ್ದು 2ರಿಂದ 5 ಬಾರ್, ಅಂದರೆ 30ರಿಂದ 70 ಪಿಎಸ್‌ಐ ವ್ಯಾಪ್ತಿಯದು. ತಮಗೆ ಬೇಕಾದ ಒತ್ತಡ ಆ ವ್ಯಾಪ್ತಿಯ ಅಂಚಿನಲ್ಲಿರದೆ ಒಳಗೆ ಬೀಳಬೇಕು. ಜೊತೆಗೆ ವ್ಯಾಕ್ಯೂಮ್ ಹೋಸಿನ ಮೂತಿ ಇರಬೇಕು, ಮ್ಯಾನಿಫೋಲ್ಡಿನ ಒತ್ತಡ ಎಷ್ಟು ಬದಲಾಗುತ್ತದೋ ರೈಲಿನ ಒತ್ತಡವೂ ಅಷ್ಟೇ ಬದಲಾಗುವ, ಒಂದಕ್ಕೆ ಒಂದು ಅನುಪಾತದ್ದಾಗಿರಬೇಕು.

ಮೂರನೆಯದು ಹರಿವು. ಇಲ್ಲಿ ಎಡವುವವರು ಬಹಳ. 85 ಅಶ್ವಶಕ್ತಿಯ ಎಸ್ಟೀಮ್ ಪೂರ್ತಿ ವೇಗದಲ್ಲೂ ಕುಡಿಯುವುದು ಗಂಟೆಗೆ ಇಪ್ಪತ್ತೈದು ಲೀಟರಿನ ಆಸುಪಾಸು, ಐಡಲಿಂಗ್‌ನಲ್ಲಿ ಒಂದು ಲೀಟರ್. ಪಂಪು ದೂಡುವುದು ಅದಕ್ಕಿಂತ ಎಷ್ಟೋ ಹೆಚ್ಚು. ಉಳಿದದ್ದೆಲ್ಲ ರೆಗ್ಯುಲೇಟರ್ ಮೂಲಕವೇ ಹಿಂದಿರುಗಬೇಕು. ಹಳೆ ಪಂಪ್ ಹೋಯಿತೆಂದು ಗಂಟೆಗೆ 255 ಲೀಟರಿನ ರೇಸಿಂಗ್ ಪಂಪ್ ಹಾಕಿ, ರಿಟರ್ನ್ ಪೈಪ್ ಮಾತ್ರ ಹಳೆಯದೇ ಸಪೂರದ್ದು ಉಳಿಸಿಕೊಂಡರೆ ಪೆಟ್ರೋಲ್ ಹೋಗಲು ದಾರಿಯಿಲ್ಲದೆ ಐಡಲಿಂಗ್‌ನಲ್ಲೇ ಒತ್ತಡ ಏರಿ ಕೂರುತ್ತದೆ. ಆಗ ಸ್ಕ್ರೂವನ್ನು ಎಷ್ಟು ಸಡಿಲಿಸಿದರೂ ಮುಳ್ಳು ಇಳಿಯುವುದಿಲ್ಲ. ಇನ್ನೊಂದು ತುದಿಯಲ್ಲಿ, ನೂರಾರು ಅಶ್ವಶಕ್ತಿಯ ಎಂಜಿನ್ನುಗಳಿಗೆಂದು ಮಾಡಿದ ಭಾರಿ ರೆಗ್ಯುಲೇಟರ್ ಸಣ್ಣ ಪಂಪಿನ ಕಾರಿಗೆ ಬೇಕಿಲ್ಲ. ಪಂಪ್, ಪೈಪ್, ರೆಗ್ಯುಲೇಟರ್ ಮೂರೂ ಒಂದಕ್ಕೊಂದು ಒಪ್ಪಬೇಕು.

ನಾಲ್ಕನೆಯದು ರಬ್ಬರ್. ಪೊರೆ ಮತ್ತು ಓ-ರಿಂಗ್ ಎಥನಾಲಿಗೆ ತಡೆಯುತ್ತವೆಯೇ ಎಂದು ಕೇಳಿಯೇ ಕೊಳ್ಳಬೇಕು. ವೈಟಾನ್ ಎಂದು ಕರೆಯುವ ಫ್ಲೋರೋಕಾರ್ಬನ್ ರಬ್ಬರ್ ಇದಕ್ಕೆ ಒಳ್ಳೆಯದು. ಹಳೆ ಮಾದರಿಯ ಸಾಧಾರಣ ನೈಟ್ರೈಲ್ ರಬ್ಬರ್ ಎಥನಾಲಿನಲ್ಲಿ ಉಬ್ಬಿ, ಕಾಲಕ್ರಮೇಣ ಬಿರುಕು ಬಿಡಬಹುದು. ಹೆಸರಾಂತ ಬ್ರ್ಯಾಂಡುಗಳ ನಕಲು ಮಾರುಕಟ್ಟೆಯಲ್ಲಿ ಧಾರಾಳ. ಹೊರಗಿನ ಬಣ್ಣ, ಅಚ್ಚು ಎಲ್ಲ ಒಂದೇ ಆದರೂ ಒಳಗಿನ ಪೊರೆ ಯಾವುದೆಂದು ಹೇಳುವವರಿಲ್ಲ. ಬಾಷ್, ಏರೋಮೋಟಿವ್, ಟರ್ಬೋಸ್ಮಾರ್ಟ್‌ನಂಥ ತಯಾರಕರದ್ದಾದರೆ ಬಿಲ್ಲಿನೊಂದಿಗೆ, ಪಾರ್ಟ್ ನಂಬರಿನೊಂದಿಗೆ, ರಿಪೇರಿ ಕಿಟ್ ಸಿಗುತ್ತದೆಯೇ ಎಂದು ಕೇಳಿಕೊಂಡು ಕೊಳ್ಳಬೇಕು.

ಇನ್ನೊಂದು ಪ್ರಶ್ನೆಯನ್ನು ಕೇಳುವವರು ಕಡಿಮೆ: ಎಂಜಿನ್ ಬಂದ್ ಆದ ಮೇಲೆ ಇದು ಒತ್ತಡ ಹಿಡಿದಿಡುತ್ತದೆಯೇ? ರೈಲಿನಲ್ಲಿ ಒತ್ತಡ ಉಳಿದರೆ ಬಿಸಿ ಬಾನೆಟ್ಟಿನಡಿಯಲ್ಲೂ ಪೆಟ್ರೋಲ್ ಆವಿಯಾಗುವುದಿಲ್ಲ. ರೇಸಿಗೆಂದು ಮಾಡಿದ ಕೆಲವು ರೆಗ್ಯುಲೇಟರುಗಳು ಬಂದ್ ಮಾಡಿದ ಕೂಡಲೇ ಒತ್ತಡವನ್ನು ಟ್ಯಾಂಕಿಗೆ ಬಿಟ್ಟುಬಿಡುತ್ತವೆ. ಟ್ರ್ಯಾಕಿನಲ್ಲಿ ಅದು ದೋಷವಲ್ಲ. ದಿನಕ್ಕೆ ಹತ್ತು ಸಲ ನಿಲ್ಲಿಸಿ ಹೊರಡಬೇಕಾದ ಮನೆಯ ಕಾರಿನಲ್ಲಿ ಅದೇ ದೊಡ್ಡ ತಲೆನೋವು.

ಜೋಡಿಸುವ ಕೆಲಸಕ್ಕೆ ಬಂದರೆ, ರೈಲಿನ ಮೇಲೇ ಎರಡು ಬೋಲ್ಟಿನಲ್ಲಿ ಕೂರುವ ಮಾದರಿ ಸಿಕ್ಕರೆ ಅದೇ ಉತ್ತಮ, ಜೋಡಣೆ ಕಡಿಮೆಯಾದಷ್ಟು ಸೋರುವ ಜಾಗಗಳೂ ಕಡಿಮೆ. ದೂರದಲ್ಲಿ ಬ್ರ್ಯಾಕೆಟ್ ಹಾಕಿ ಕೂರಿಸುವ ಮಾದರಿಯಾದರೆ ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರವಿರಲಿ. ಹೋಸ್ ಇಂಜೆಕ್ಷನ್ನಿಗೆಂದೇ ಮಾಡಿದ್ದು ಬೇಕು, ಅದರ ಮೇಲೆ ಜೆ30ಆರ್9 ಎಂಬ ಗುರುತಿರುತ್ತದೆ. ಕಾರ್ಬ್ಯುರೇಟರ್ ಕಾರಿನ ಹೋಸ್ ಮೂರು ಕೇಜಿಗೆ ತಡೆಯದು. ಸೋರಿದ ಪೆಟ್ರೋಲ್ ಈ ಒತ್ತಡದಲ್ಲಿ ತೊಟ್ಟಿಕ್ಕುವುದಿಲ್ಲ, ಮಂಜಿನಂತೆ ಚಿಮ್ಮುತ್ತದೆ. ಬಿಸಿ ಲೋಹ ಪಕ್ಕದಲ್ಲೇ ಇರುತ್ತದೆ. ಕ್ಲ್ಯಾಂಪಿನಲ್ಲಿ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬಾರದ ಜಾಗವಿದು.

ಸೆಟ್ಟಿಂಗ್ ಮಾಡುವಾಗ ಎಂಜಿನ್ ಹದವಾಗಿ ಬಿಸಿಯಾಗಿರಬೇಕು, ವ್ಯಾಕ್ಯೂಮ್ ಹೋಸ್ ಬಿಚ್ಚಿ ಬಾಯಿ ಮುಚ್ಚಿರಬೇಕು. ಲಾಕ್ ನಟ್ ಸಡಿಲಿಸಿ, ಕಾಲು ಸುತ್ತಿನಷ್ಟೇ ತಿರುಗಿಸುತ್ತಾ ಪುಸ್ತಕದ ಅಂಕಿಗೆ ತಂದು, ನಟ್ ಬಿಗಿ ಮಾಡಿ, ಹೋಸ್ ಮತ್ತೆ ಹಾಕಬೇಕು. ಮುಳ್ಳು ಇಳಿಯಬೇಕು. ಹೋಸ್ ಹಾಕಿದ ಸ್ಥಿತಿಯಲ್ಲೇ ಮೂರಕ್ಕೆ ಕೂರಿಸುವವರು ನಿಜದಲ್ಲಿ ಮೂರೂವರೆ ದಾಟಿಸಿರುತ್ತಾರೆ. ಬಾನೆಟ್ಟಿನಡಿಯಲ್ಲಿ ಕಾಯಂ ಆಗಿ ಕೂರಿಸುವ ಎಣ್ಣೆ ತುಂಬಿದ ಸಣ್ಣ ಗೇಜುಗಳನ್ನು ಬಿಸಿಯಲ್ಲಿ ಪೂರ್ತಿ ನಂಬುವಂತಿಲ್ಲ. ಮುಚ್ಚಿದ ಡಬ್ಬಿಯೊಳಗಿನ ಗಾಳಿ ಕಾದು ಹಿಗ್ಗಿದಾಗ ಅವು ಕಡಿಮೆ ಒತ್ತಡ ತೋರಿಸುತ್ತವೆ. ಅದನ್ನು ನಂಬಿ ಮತ್ತೆ ಸ್ಕ್ರೂ ತಿರುಗಿಸಿದವರು ಪಂಪು, ಪ್ಲಗ್ಗು ಎರಡನ್ನೂ ಹಾಳುಮಾಡಿಕೊಳ್ಳುತ್ತಾರೆ.

ಕರಾವಳಿಯ ಮಳೆಗಾಲವೂ ಲೆಕ್ಕಕ್ಕೆ ಬರಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ ಇದು. ಎಥನಾಲ್ ನೀರಿನ ಪಸೆಯನ್ನು ಹೀರಿಕೊಳ್ಳುವ ಸ್ವಭಾವದ್ದು. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುತ್ತವೆ, ಪಂಪು ಮೊದಲು ಎಳೆಯುವುದು ಅದನ್ನೇ. ತುಕ್ಕಿನ ಪುಡಿ ಫಿಲ್ಟರನ್ನು ಕಟ್ಟಿಸಿ, ದಾಟಿ ಬಂದದ್ದು ರೆಗ್ಯುಲೇಟರಿನ ವಾಲ್ವಿನಲ್ಲಿ ಕೂರುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಟ್ಯಾಂಕ್ ತುಂಬಿಟ್ಟರೆ ಒಳಗೆ ತೇವದ ಗಾಳಿಗೆ ಜಾಗ ಕಡಿಮೆ. ಹೊಸ ರೆಗ್ಯುಲೇಟರ್ ಹಾಕುವ ದಿನ ಹೊಸ ಫಿಲ್ಟರೂ ಹಾಕಲೇಬೇಕು.

ಕೊನೆಗೆ ಎಮಿಷನ್ ಟೆಸ್ಟ್. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಚೀಟಿಗಾಗಿ ಮಾತ್ರ ಹೋಗುವ ಆ ಯಂತ್ರ ಈ ಕೆಲಸದಲ್ಲಿ ನಿಜವಾದ ನೆಂಟ. ಅದು ಅಳೆಯುವ ಕಾರ್ಬನ್ ಮಾನಾಕ್ಸೈಡ್ ಅಂಕಿ ಮಿಶ್ರಣ ದಪ್ಪವಾದ ಕೂಡಲೇ ಏರುತ್ತದೆ. ಮಿಶ್ರಣ ಹಾಗೆಯೇ ಉಳಿದರೆ ಕೆಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುತ್ತದೆ. ಸೆಟ್ಟಿಂಗಿಗೆ ಮೊದಲು ಒಂದು ಸಲ, ನಂತರ ಒಂದು ಸಲ ಹೊಗೆ ಅಳೆಸಿ ಎರಡೂ ಚೀಟಿಗಳನ್ನು ಇಟ್ಟುಕೊಳ್ಳಬೇಕು. ಐಡಲಿಂಗ್ ಒತ್ತಡ, ಹೋಸ್ ಬಿಚ್ಚಿದಾಗಿನ ಒತ್ತಡ, ಬಂದ್ ಮಾಡಿದ ಒಂದು ನಿಮಿಷದ ನಂತರದ ಒತ್ತಡ, ಈ ಮೂರು ಅಂಕಿಗಳನ್ನು ತಾರೀಕಿನ ಸಮೇತ ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಬಿ.ಸಿ.ರೋಡಿನಲ್ಲೋ ಬೆಳ್ತಂಗಡಿಯಲ್ಲೋ ಬಾನೆಟ್ ತೆರೆಯುವ ಇನ್ನೊಬ್ಬ ಮೆಕ್ಯಾನಿಕ್‌ಗೆ ಸ್ಕ್ರೂ ಮುಟ್ಟುವ ಮೊದಲು ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ.